ಲಾರಿಯ ಕಣ್ಣಿಗೆ ಎಂಥ ದೀಪ?

ಗೋವೆಯ ಅಡಿಗೆಮನೆಗಳಲ್ಲಿ ಮುಂಜಾನೆ ಹೆಚ್ಚುವ ಕೋಸು, ಬೀನ್ಸು, ಹಸಿಮೆಣಸಿನಕಾಯಿಗಳಲ್ಲಿ ದೊಡ್ಡದೊಂದು ಪಾಲು ಬೆಳಗಾವಿಯಿಂದ ಘಟ್ಟವಿಳಿದು ಹೋದದ್ದು. ಅದು ತಾನಾಗಿ ನಡೆದು ಹೋಗುವುದಿಲ್ಲವಷ್ಟೆ. ಊರು ಉಂಡು ಮಲಗುವ ಹೊತ್ತಿಗೆ ಲಾರಿಗಳು ಹೊರಡುತ್ತವೆ. ಟಿಳಕವಾಡಿಯ ಮೂರನೆಯ ಗೇಟು, ಉದ್ಯಮಬಾಗ, ಪೀರನವಾಡಿ, ಮಚ್ಛೆ — ಇಲ್ಲಿಯವರೆಗೆ ಬೀದಿಯ ದೀಪಗಳ, ಅಂಗಡಿಯ ದೀಪಗಳ ಸಂಗಡವಿದೆ. ಪೀರನವಾಡಿಯಲ್ಲಿ ಹಾದಿ ಕವಲೊಡೆದು, ಒಂದು ಜಾಂಬೋಟಿ, ಕಣಕುಂಬಿಗಳ ಮೇಲೆ ಚೋರ್ಲಾ ಘಟ್ಟಕ್ಕೂ, ಇನ್ನೊಂದು ಖಾನಾಪುರ, ಲೋಂಡಾ, ರಾಮನಗರಗಳ ಮೇಲೆ ಅನಮೋಡ ಘಟ್ಟಕ್ಕೂ ಹೋಗುತ್ತದೆ. ಯಾವ ಹಾದಿಯನ್ನು ಹಿಡಿದರೂ ಮುಂದೆ ಕಾಡು, ಕಾಡಿನಲ್ಲಿ ಕತ್ತಲೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಕತ್ತಲೆಯ ಮೇಲೆ ಮಳೆಯ ಪರದೆ. ಅಲ್ಲಿಂದಾಚೆ ಲಾರಿಯ ಚಾಲಕನಿಗೆ ದಿಕ್ಕೆಂದರೆ ಅವನ ಗಾಡಿಯ ಎರಡು ದೀಪಗಳೇ.

ಈ ಎರಡು ದೀಪಗಳ ವಿಷಯದಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ಗದ್ದಲವೆದ್ದಿದೆ. ಹಳೆಯ ಹಾಲೋಜನ್ ಬಲ್ಬನ್ನು ಕಿತ್ತು, ಅದೇ ಹೋಲ್ಡರಿನಲ್ಲಿ ಎಲ್.ಇ.ಡಿ. ಬಲ್ಬನ್ನು ಸಿಕ್ಕಿಸುವ ಪದ್ಧತಿ ಊರೂರಿಗೆ ಹಬ್ಬಿದೆ. ಲಾರಿಯಿಟ್ಟವರು ಮಾತ್ರವೇ ಯೋಚಿಸಬೇಕಾದ ವಿಷಯವಿದು, ನಮಗೇಕೆ ಎಂದು ಪುಟ ತಿರುಗಿಸುವ ಗೃಹಸ್ಥರು ಸ್ವಲ್ಪ ತಾಳಬೇಕು. ಮಕ್ಕಳನ್ನು ಹಿಂದಿನ ಆಸನದಲ್ಲಿ ಮಲಗಿಸಿಕೊಂಡು ಮಂಗೇಶಿಯ ದರ್ಶನಕ್ಕೋ ಪಣಜಿಯ ಮದುವೆಗೋ ಹೋಗಿ ರಾತ್ರಿ ಹಿಂದಿರುಗುವಾಗ, ತಿರುವಿನಲ್ಲಿ ಇದಿರಾಗುವ ಲಾರಿಯ ದೀಪ ನಮ್ಮ ಕಣ್ಣಿಗೇ ಬೀಳುವುದು. ಆ ಲಾರಿಗೆ ಎಂಥ ಬಲ್ಬನ್ನು ಕೊಂಡರೆಂಬುದರ ಮೇಲೆ ನಮ್ಮ ಕ್ಷೇಮವೂ ನಿಂತಿದೆ.

ಬೆಳಗಾವಿಯ ಆಟೋನಗರದ ಕಡೆ ಬಿಡಿಭಾಗಗಳ ಅಂಗಡಿಯ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತರೆ ಇಂಥ ಸಂಭಾಷಣೆ ಕಿವಿಗೆ ಬೀಳದಿರದು.

“ಮಾಮಾ, ಖಾನಾಪುರ ದಾಟಿದ ಮ್ಯಾಲ ಏನೂ ಕಾಣಂಗಿಲ್ಲ ನೋಡ್ರಿ. ಛಲೋ ಬೆಳಕಿಂದು ಏನರ ಇದ್ರ ಕೊಡ್ರಿ.”

“ಎಲ್.ಇ.ಡಿ. ಹಾಕ್ಕೋರಿ ಅಣ್ಣಾರ. ಹಗಲಿದ್ದಂಗ ಆಕ್ಕೈತಿ.”

“ಇದಿರಿನವ್ರು ಬೈತಾರಂತಲ್ರೀ?”

“ಅವ್ರೂ ಹಾಕ್ಕೊಂಡಾರ, ನೀವೂ ಹಾಕ್ಕೋರಿ!”

ಈ ಕೊನೆಯ ಉತ್ತರದಲ್ಲಿಯೇ ನಮ್ಮ ರಸ್ತೆಗಳ ಈಗಿನ ಸ್ಥಿತಿ ಅಡಗಿದೆಯೆನ್ನಬಹುದು. ಚಾಲಕನ ಕಷ್ಟವೇನೂ ಸುಳ್ಳಲ್ಲ. ಅಂಗಡಿಯವನು ಕೊಟ್ಟ ಭರವಸೆ ಎಷ್ಟು ನಿಜವೆಂಬುದನ್ನು ಮಾತ್ರ ವಿಚಾರಿಸಿ ನೋಡಬೇಕಾಗಿದೆ.

ಮೋಟಾರು ದೀಪದ ಚರಿತ್ರೆಯಲ್ಲಿ ೧೯೬೨ನೆಯ ಇಸವಿ ಒಂದು ವಿಚಿತ್ರವಾದ ವರ್ಷ. ಎಣ್ಣೆಯ ದೀಪ, ಕಾರ್ಬೈಡಿನ ಗ್ಯಾಸುದೀಪ, ಸಾಧಾರಣ ವಿದ್ಯುದ್ದೀಪಗಳ ಕಾಲ ಕಳೆದು, ಯೂರೋಪಿನಲ್ಲಿ ಮೊದಲ ಹಾಲೋಜನ್ ಬಲ್ಬು ಮೋಟಾರಿನ ಮೋರೆಗೆ ಬಂದದ್ದು ಆ ವರ್ಷ. ಅದೇ ವರ್ಷ ಅಮೆರಿಕೆಯಲ್ಲಿ ನಿಕ್ ಹೊಲೊನ್ಯಾಕ್ ಎಂಬ ಎಂಜಿನಿಯರು ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಕೊಡುವ ಎಲ್.ಇ.ಡಿ.ಯನ್ನು ಮಾಡಿ ತೋರಿಸಿದನು. ಒಂದೇ ವರ್ಷ ಹುಟ್ಟಿದ ಈ ಇಬ್ಬರು ದಾಯಾದಿಗಳು ಅರ್ಧ ಶತಮಾನದ ನಂತರ ಒಂದೇ ಹೋಲ್ಡರಿಗಾಗಿ ಜಗಳವಾಡುವರೆಂದು ಆಗ ಯಾರಿಗೆ ಹೊಳೆದೀತು! ಹಾಲೋಜನ್ ಬೇಗ ಬೆಳೆಯಿತು. ೧೯೭೧ರಲ್ಲಿ ಒಂದೇ ಗಾಜಿನೊಳಗೆ ಎರಡು ತಂತುಗಳನ್ನಿಟ್ಟ ‘ಎಚ್-೪’ ಎಂಬ ಬಲ್ಬು ಬಂದಿತು. ನಮ್ಮ ದೇಶದ ಹಳೆಯ ಲಾರಿಗಳಲ್ಲಿ ಬಹುಮಟ್ಟಿಗೆ ಇರುವುದು ಇದೇ. ಎಲ್.ಇ.ಡಿ.ಗಾದರೋ ಬಿಳಿಯ ಬೆಳಕು ದೊರೆಯುವುದಕ್ಕೆ ಮೊದಲು ನೀಲಿಯ ಬೆಳಕು ಬೇಕಾಗಿತ್ತು. ಅದನ್ನು ಸಾಧಿಸಿದವರು ಜಪಾನಿನಲ್ಲಿ ದುಡಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರು. ೨೦೧೪ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವೂ ಬಂದಿತು. ನೀಲಿ ಬೆಳಕಿನ ಸಣ್ಣ ಹರಳಿನ ಮೇಲೆ ಹಳದಿಯ ಲೇಪವೊಂದನ್ನು ಬಳಿದರೆ, ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳುಪಾಗಿ ತೋರುತ್ತದೆ. ನಮ್ಮ ಮನೆಗಳ ಬಿಳಿಯ ಎಲ್.ಇ.ಡಿ. ದೀಪಗಳ ಗುಟ್ಟು ಬಹುತೇಕ ಇಷ್ಟೇ.

ಆ ಮನೆಯ ದೀಪದ ಉಪಕಾರವನ್ನು ನಾವೆಲ್ಲ ಕಂಡವರು. ಕೇಂದ್ರ ಸರಕಾರವು ೨೦೧೫ರ ಜನವರಿಯಲ್ಲಿ ಉಜಾಲಾ ಯೋಜನೆಯನ್ನು ಆರಂಭಿಸಿದ ಮೇಲೆ ಅದರ ಬೆಲೆ ಹೇಗೆ ಕುಸಿಯಿತೆಂದರೆ, ೨೦೧೪ರಲ್ಲಿ ಸಗಟು ಖರೀದಿಗೆ ೩೧೦ ರೂಪಾಯಿ ಬೀಳುತ್ತಿದ್ದ ಬಲ್ಬು ಎರಡೇ ವರ್ಷಗಳಲ್ಲಿ ೩೮ ರೂಪಾಯಿಗೆ ಇಳಿಯಿತು. ಕರೆಂಟಿನ ಬಿಲ್ಲು ಇಳಿಯಿತು, ಬಲ್ಬು ಪದೇ ಪದೇ ಸುಡುವ ಕಾಟವೂ ತಪ್ಪಿತು. ಮನೆಯಲ್ಲಿ ಒಳ್ಳೆಯದಾದದ್ದು ಲಾರಿಗೂ ಒಳ್ಳೆಯದೇ ಆಗಬೇಕಲ್ಲವೆ ಎಂದು ಜನ ತರ್ಕಿಸಿದರೆ ಅದರಲ್ಲಿ ತಪ್ಪೇನಿದೆ? ಆದರೆ ಪಡಸಾಲೆಯ ದೀಪಕ್ಕೂ ಲಾರಿಯ ದೀಪಕ್ಕೂ ಧರ್ಮವೇ ಬೇರೆ. ಪಡಸಾಲೆಯ ದೀಪ ಎಲ್ಲ ಕಡೆಗೂ ಬೆಳಕು ಚೆಲ್ಲಬೇಕು. ಲಾರಿಯ ದೀಪ ಕೆಲವೆಡೆ ಮಾತ್ರ ಚೆಲ್ಲಬೇಕು. ಕೆಲವೆಡೆಗೆ ಎಷ್ಟು ಮಾತ್ರಕ್ಕೂ ಚೆಲ್ಲಬಾರದು.

ಇಲ್ಲಿ ಒಂದು ಲೆಕ್ಕವನ್ನು ವಾಚಕರ ಮುಂದಿಡಬೇಕು. ೨೪ ವೋಲ್ಟಿನ ಲಾರಿಗೆ ಹಾಕುವ ಎಚ್-೪ ಬಲ್ಬು ೭೫ ಮತ್ತು ೭೦ ವ್ಯಾಟಿನದು: ದೂರದ ಬೆಳಕಿಗೆ ೭೫, ತಗ್ಗಿಸಿದ ಬೆಳಕಿಗೆ, ಅಂದರೆ ಚಾಲಕರು ಡಿಪ್ಪರ್ ಎನ್ನುವುದಕ್ಕೆ, ೭೦. ಹೀಗೆ ತಗ್ಗಿಸಿದಾಗ ಆ ಬಲ್ಬು ಕೊಡಬೇಕಾದ ಬೆಳಕು ಸುಮಾರು ೧,೨೦೦ ಲ್ಯೂಮೆನ್. ಲ್ಯೂಮೆನ್ ಎಂಬುದು ಬೆಳಕಿನ ಒಟ್ಟು ಪ್ರಮಾಣವನ್ನು ಅಳೆಯುವ ಸೇರು ಎಂದಿಟ್ಟುಕೊಳ್ಳಿ. ನಮ್ಮ ಅಡಿಗೆಮನೆಯ ೯ ವ್ಯಾಟಿನ ಎಲ್.ಇ.ಡಿ. ಬಲ್ಬು ಕೊಡುವುದು ಸುಮಾರು ೯೦೦. ಎಂದ ಮೇಲೆ ಹದಿನಾರು ಟನ್ನಿನ ಲಾರಿಯ ಒಂದು ಕಣ್ಣಿಗೂ ನಾವು ಸಾರು ಕುದಿಸುವ ಬೆಳಕಿಗೂ ಇರುವ ಅಂತರ ಮೂರರಲ್ಲೊಂದು ಪಾಲು ಮಾತ್ರ! ಅಷ್ಟೇ ಬೆಳಕು ನಲವತ್ತು ಐವತ್ತು ಮೀಟರು ದೂರದ ರಸ್ತೆಯನ್ನು ತೋರಿಸಬಲ್ಲದೆಂದರೆ, ಅದು ಬಲ್ಬಿನ ಮಹಿಮೆಯಲ್ಲ. ಅದರ ಹಿಂದಿನ ಬೋಗುಣಿಯಾಕಾರದ ಪ್ರತಿಫಲಕದ ಮಹಿಮೆ. ಮಿಸ್ತ್ರಿಗಳು ಅದನ್ನು ರಿಫ್ಲೆಕ್ಟರ್ ಎಂದೇ ಕರೆಯುತ್ತಾರೆ.

ಎಚ್-೪ ಬಲ್ಬನ್ನು ಕೈಯಲ್ಲಿ ಹಿಡಿದು, ಗಾಜನ್ನು ಮುಟ್ಟದೆ, ಸೂಕ್ಷ್ಮವಾಗಿ ನೋಡಿದವರಿಗೆ ಅದರೊಳಗೊಂದು ಪುಟ್ಟ ಲೋಹದ ದೊನ್ನೆ ಕಾಣುತ್ತದೆ. ಎರಡು ತಂತುಗಳ ಪೈಕಿ ಮುಂದಿನದರ ಕೆಳಗೆ ಅದು ಕುಳಿತಿರುತ್ತದೆ. ಡಿಪ್ಪರ್ ಹಾಕಿದಾಗ ಹೊತ್ತುವುದು ಈ ಮುಂದಿನ ತಂತು. ಅದರ ಬೆಳಕು ದೊನ್ನೆಯ ದೆಸೆಯಿಂದ ಕೆಳಕ್ಕೆ ಹೋಗಲಾರದೆ, ಪ್ರತಿಫಲಕದ ಮೇಲಣ ಅರ್ಧಕ್ಕೆ ಮಾತ್ರ ಬಡಿದು, ಅಲ್ಲಿಂದ ಪುಟಿದು ರಸ್ತೆಯ ಕಡೆಗೆ ಇಳಿಯುತ್ತದೆ. ಕೆಳಗಣ ಅರ್ಧಕ್ಕೆ ಬಡಿದಿದ್ದರೆ ಮೇಲಕ್ಕೆ ಚಿಮ್ಮಿ ಇದಿರಿನವನ ಕಣ್ಣಿಗೆ ಹೋಗುತ್ತಿತ್ತು. ಗೋಡೆಯ ಮೇಲೆ ಬಿಟ್ಟು ನೋಡಿದರೆ ಒಳ್ಳೆಯ ದೀಪದ ಬೆಳಕಿಗೆ ಒಂದು ಸ್ಪಷ್ಟವಾದ ಅಂಚಿರುತ್ತದೆ: ಅಂಚಿನ ಕೆಳಗೆ ಬೆಳಕು, ಮೇಲೆ ಕತ್ತಲು. ಎಡಮಗ್ಗುಲಲ್ಲಿ ಮಾತ್ರ ಆ ಅಂಚು ಓರೆಯಾಗಿ ಮೇಲೇರುತ್ತದೆ. ನಾವು ರಸ್ತೆಯ ಎಡಕ್ಕೆ ನಡೆಯುವವರಾದ್ದರಿಂದ, ಎಡಬದಿಯ ಪಾದಚಾರಿಯೂ ಮೈಲಿಗಲ್ಲೂ ಕಾಣಲೆಂದು ಈ ಏರ್ಪಾಡು.

ಈ ಸೂಕ್ಷ್ಮವೆಲ್ಲ ನಿಂತಿರುವುದು ಒಂದು ಸಣ್ಣ ಸಂಗತಿಯ ಮೇಲೆ. ತಂತುವಿನ ಉದ್ದ ಕೆಲವೇ ಮಿಲಿಮೀಟರು, ದಪ್ಪ ಅದಕ್ಕಿಂತಲೂ ಕಡಿಮೆ. ಅದು ಇರಬೇಕಾದ ಸ್ಥಳದಲ್ಲಿಯೇ ಇದ್ದು ತನ್ನ ಸುತ್ತಲೂ ಸಮನಾಗಿ ಬೆಳಕನ್ನು ಬೀರುವುದೆಂಬ ನಂಬಿಕೆಯಿಂದ ಪ್ರತಿಫಲಕದ ಒಂದೊಂದು ಡೊಂಕನ್ನೂ ತಿದ್ದಿರುತ್ತಾರೆ. ಎಲ್.ಇ.ಡಿ. ಬಲ್ಬಿನಲ್ಲಿ ತಂತುವಿಲ್ಲ. ಚಪ್ಪಟೆಯಾದ ಒಂದು ಲೋಹದ ಪಟ್ಟಿ, ಅದರ ಎಡ ಬಲ ಮೈಗಳಲ್ಲಿ ಬೆಳಕಿನ ಹರಳುಗಳು. ಬೆಳಕು ಅಕ್ಕಪಕ್ಕಕ್ಕೆ ಹೆಚ್ಚು, ಮೇಲಕ್ಕೆ ಕಡಿಮೆ. ಪಟ್ಟಿಯ ದಪ್ಪದಿಂದಾಗಿ ಹರಳುಗಳು ನಾಭಿಯಿಂದ ಆಚೀಚೆ ಸರಿದಿರುತ್ತವೆ. ಇದರ ಪರಿಣಾಮವಾಗಿ ಗೋಡೆಯ ಮೇಲಣ ಅಂಚು ಕಲಸಿಹೋಗುತ್ತದೆ. ಕೆಲವೆಡೆ ಬೆಳಕಿನ ಗಡ್ಡೆ, ಕೆಲವೆಡೆ ಕಪ್ಪು ಮಚ್ಚೆ. ಸೋರಿದ ಬೆಳಕು ಮೇಲಕ್ಕೇರಿ ಇದಿರಿನವನ ಕಣ್ಣಿಗೆ.

ಚಾಲಕನಿಗಾದರೂ ಲಾಭವುಂಟೆ? ಮೊದಲ ರಾತ್ರಿ ಅವನಿಗೆ ಬಹು ಸಂತೋಷವಾಗುತ್ತದೆ. ಬಂಪರಿನ ಮುಂದೆ ಹತ್ತು ಹದಿನೈದು ಮೀಟರು ಹಾಲು ಚೆಲ್ಲಿದಂತೆ ಕಾಣುತ್ತದೆ. ಮೋಸವಿರುವುದು ಅಲ್ಲಿಯೇ. ಹತ್ತಿರದ ನೆಲ ಅತಿಯಾಗಿ ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡಿದ್ದ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದೂರದ್ದು ಮೊದಲಿಗಿಂತಲೂ ಕಾಣದಾಗುತ್ತದೆ. ಮೂಗಿನ ಮುಂದೆ ಹುಣ್ಣಿಮೆ, ಐವತ್ತು ಮೀಟರಿನಾಚೆ ಅಮಾವಾಸ್ಯೆ! ಭೀಮಗಡದ ಅಭಯಾರಣ್ಯ ಖಾನಾಪುರ ತಾಲೂಕಿನಲ್ಲಿಯೇ ಇದೆ. ಈ ಕಾಡುಗಳಲ್ಲಿ ಕಾಡುಕೋಣ ರಸ್ತೆಗಿಳಿದು ನಿಲ್ಲುವುದು ಅಪರೂಪವಲ್ಲ. ಅದರ ಮೈಬಣ್ಣವೋ ಕತ್ತಲೆಯದೇ ಬಣ್ಣ. ದೂರ ಕಾಣದ ದೀಪ ಅಲ್ಲಿ ಯಾವ ಉಪಯೋಗಕ್ಕೆ?

ಮಳೆಯ ಮತ್ತು ಮಂಜಿನ ಮಾತು ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನಲ್ಲಿ ಮಳೆಗಾಲದಲ್ಲಿ ಮೋಡವೇ ರಸ್ತೆಗಿಳಿದಿರುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ, ಬಿಳಿ ಬೆಳಕು ಸೀಳುವುದಿಲ್ಲ ಎಂಬ ಮಾತು ಚಾಲಕರಲ್ಲಿ ರೂಢಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚದುರಿಸುತ್ತವೆ. ಮಂಜುದೀಪದ ಗುಣವಿರುವುದು ಅದನ್ನು ತಗ್ಗಿನಲ್ಲಿ ಕೂಡಿಸುವುದರಲ್ಲಿ ಮತ್ತು ಮೇಲಕ್ಕೆ ಬೆಳಕನ್ನು ಬಿಡದ ಅದರ ಅಂಚಿನಲ್ಲಿ. ಆದರೂ ಚಾಲಕರ ಅನುಭವದಲ್ಲಿ ಹುರುಳಿಲ್ಲದಿಲ್ಲ. ಹಾಲೋಜನ್ನಿನ ಬೆಳಕು ಸುಮಾರು ೩,೨೦೦ ಕೆಲ್ವಿನ್ನಿನ ಬೆಚ್ಚನೆಯ ಹಳದಿ. ಪೇಟೆಯ ಎಲ್.ಇ.ಡಿ. ಬಲ್ಬುಗಳು ಬಹುಪಾಲು ೬,೦೦೦ ದಾಟಿದ ನೀಲಿಬಿಳುಪು. ಅಷ್ಟೇ ಪ್ರಕಾಶದ ಎರಡು ದೀಪಗಳಲ್ಲಿ ನೀಲಿಯ ಅಂಶ ಹೆಚ್ಚಿರುವುದು ಕಣ್ಣಿಗೆ ಹೆಚ್ಚು ಚುಚ್ಚುತ್ತದೆಂಬುದು ಪರೀಕ್ಷೆಗಳಿಂದ ಗೊತ್ತಾದ ಸಂಗತಿ. ಅಂಚು ಕೆಟ್ಟ ದೀಪ ಮಂಜಿನಲ್ಲಿ ಮೇಲಕ್ಕೆ ಚೆಲ್ಲಿದ ಬೆಳಕು ಚಾಲಕನ ಕಣ್ಣಿಗೇ ಬಿಳಿಯ ಗೋಡೆಯಾಗಿ ಮರಳಿ ಬರುತ್ತದೆ. ಹೀಗೆ ಬಣ್ಣದ ಮೇಲೆ ಬಿದ್ದ ಅಪವಾದದಲ್ಲಿ ಅರ್ಧ, ಅಂಚಿಗೆ ಸಲ್ಲಬೇಕಾದದ್ದು.

ಇನ್ನೊಂದು ಸಂಗತಿಯನ್ನು ಮಳೆಯ ನಾಡಿನವರೇ ಬಲ್ಲರು. ಹಾಲೋಜನ್ ಬಲ್ಬು ತಾನು ತಿಂದ ವಿದ್ಯುತ್ತಿನ ಬಹುಭಾಗವನ್ನು ಶಾಖವಾಗಿ ಮುಂದಕ್ಕೆ ಕಾರುತ್ತದೆ. ಅದು ವ್ಯರ್ಥವೇ ನಿಜ. ಆದರೆ ದೀಪದ ಗಾಜಿನೊಳಗೆ ಕಟ್ಟಿದ ಬೆವರನ್ನು ಅದೇ ಶಾಖ ಒಣಗಿಸುತ್ತದೆ. ಎಲ್.ಇ.ಡಿ.ಯ ಶಾಖ ಹಿಂದಕ್ಕೆ ಹೋಗುತ್ತದೆ. ಹರಳು ಕಾದರೆ ಅದರ ಬೆಳಕು ಕುಗ್ಗಿ ಆಯುಷ್ಯ ತೀರುತ್ತದೆಯಾದ್ದರಿಂದ, ಬಲ್ಬಿನ ಹಿಂದೆ ಅಲ್ಯೂಮಿನಿಯಮ್ಮಿನ ರೆಕ್ಕೆಗಳನ್ನೋ ಸಣ್ಣ ಫ್ಯಾನನ್ನೋ ಇಟ್ಟಿರುತ್ತಾರೆ. ಲಾರಿಯ ದೀಪದ ಹಿಂದಿರುವ ರಬ್ಬರಿನ ಟೊಪ್ಪಿಗೆ ಆ ಫ್ಯಾನಿಗೆ ಅಡ್ಡಿ. ಟೊಪ್ಪಿಗೆಯನ್ನು ಕತ್ತರಿಸಿ ಕೂಡಿಸುವ ಮಿಸ್ತ್ರಿಗಳುಂಟು. ಕತ್ತರಿಸಿದ ಕಿಂಡಿಯಿಂದ ಬೇಸಗೆಯಲ್ಲಿ ಕೆಮ್ಮಣ್ಣಿನ ಧೂಳು, ಮಳೆಗಾಲದಲ್ಲಿ ನೀರು. ಇಟ್ಟಿಗೆ, ಮರಳು, ಜಲ್ಲಿ ಹೊರುವ ಗಾಡಿಗಳ ಫ್ಯಾನು ಆ ಧೂಳಿನಲ್ಲಿ ಎಷ್ಟು ಕಾಲ ತಿರುಗೀತು? ಐವತ್ತು ಸಾವಿರ ಗಂಟೆ ಬಾಳುವುದೆಂದು ಡಬ್ಬಿಯ ಮೇಲೆ ಅಚ್ಚು ಹಾಕಿರುವುದು ಹರಳಿನ ಆಯುಷ್ಯವೇ ಹೊರತು ಫ್ಯಾನಿನದಲ್ಲ.

ಡಬ್ಬಿಯ ಮೇಲಿನ ಅಂಕಿಗಳ ಮಾತು ಬಂದಿತು. ೨೦,೦೦೦ ಲ್ಯೂಮೆನ್, ೨೦೦ ವ್ಯಾಟ್ ಎಂದೆಲ್ಲ ಬರೆದಿರುತ್ತದೆ. ಒಂದು ವ್ಯಾಟಿಗೆ ನೂರು ಲ್ಯೂಮೆನ್ನಿನ ಸುಮಾರು ಎಂಬ ಅಡಿಗೆಮನೆಯ ಲೆಕ್ಕವನ್ನೇ ಇಲ್ಲಿಯೂ ಹಾಕಿದರೆ ಸಾಕು. ನಿಜವಾಗಿ ೨೦೦ ವ್ಯಾಟು ತಿನ್ನುವ ಬೆರಳಿನಷ್ಟು ಬಲ್ಬು ತನ್ನ ಶಾಖದಲ್ಲಿ ತಾನೇ ಬೆಂದುಹೋಗುತ್ತದೆ. ಅಂಕಿ ದೊಡ್ಡದಾದಷ್ಟೂ ಡಬ್ಬಿ ಸುಳ್ಳು ಎಂದು ತಿಳಿದರೆ ನಷ್ಟವಿಲ್ಲ. ಇನ್ನೊಂದು ಅಂಕಿಯನ್ನು ಮಾತ್ರ ತಪ್ಪದೆ ನೋಡಬೇಕು: ವೋಲ್ಟು. ಕಾರುಗಳದು ೧೨, ದೊಡ್ಡ ಲಾರಿಗಳದು ೨೪. ಕಾರಿಗೆಂದು ಮಾಡಿದ್ದನ್ನು ಲಾರಿಗೆ ಹಾಕಿದರೆ ಹೊತ್ತುವ ಮೊದಲೇ ಹೊಗೆಯಾಗುವುದು. ಲಾರಿಯ ಎಂಜಿನು ಓಡುವಾಗ ವೋಲ್ಟು ೨೮ರವರೆಗೆ ಏರುತ್ತದೆ, ಆಗಾಗ ಕ್ಷಣಮಾತ್ರ ಅದಕ್ಕಿಂತಲೂ ಮೇಲೆ ಚಿಮ್ಮುತ್ತದೆ. ‘೨೪ ವೋಲ್ಟಿಗೂ ನಡೆಯುತ್ತದೆ’ ಎಂಬ ಬಾಯಿಮಾತಿನ ಅಗ್ಗದ ಮಾಲು ಮೊದಲು ಕೈಕೊಡುವುದು ಅಲ್ಲಿಯೇ. ಅದೂ ಘಟ್ಟದ ನಡುವೆ.

ಹೀಗೆಂದ ಮಾತ್ರಕ್ಕೆ ಎಲ್.ಇ.ಡಿ.ಯೇ ಕೆಟ್ಟದ್ದೆಂದು ಹೇಳಿದಂತಾಗಲಿಲ್ಲ. ೨೦೦೭-೦೮ರ ಹೊತ್ತಿಗೆ ದುಬಾರಿಯ ಕಾರುಗಳಲ್ಲಿ ಕಾಣಿಸಿಕೊಂಡ ಎಲ್.ಇ.ಡಿ. ಮುಂದೀಪ ಈಗ ಕಾರ್ಖಾನೆಯಿಂದ ಬರುವ ಕೆಲವು ಹೊಸ ಲಾರಿಗಳಲ್ಲಿಯೂ ಇದೆ. ಅಲ್ಲಿ ಪ್ರತಿಫಲಕವನ್ನೂ ಗಾಜನ್ನೂ ಆ ಹರಳಿಗಾಗಿಯೇ ಮಾಡಿರುತ್ತಾರೆ. ಅದರ ಅಂಚು ಕತ್ತರಿಸಿದಂತಿರುತ್ತದೆ. ಜಗಳವಿರುವುದು ಹೊಸ ದೀಪವನ್ನು ಹಳೆಯ ಬೋಗುಣಿಯಲ್ಲಿ ಕೂಡಿಸುವುದರ ಬಗ್ಗೆ. ಈ ಕೂಡಿಕೆಯೂ ಅಸಾಧ್ಯವೇನಲ್ಲ. ತಂತುವಿದ್ದ ಸ್ಥಳದಲ್ಲಿಯೇ, ತಂತುವಿನಷ್ಟೇ ಅಳತೆಯಲ್ಲಿ ಹರಳುಗಳನ್ನಿಡಲು ದೊಡ್ಡ ಕಂಪನಿಗಳು ಶ್ರಮಿಸಿವೆ. ಜರ್ಮನಿಯಲ್ಲಿ ೨೦೨೦ರಲ್ಲಿ ಮೊದಲ ಬಾರಿಗೆ ಅಂಥ ಒಂದು ಬಲ್ಬಿಗೆ ರಸ್ತೆಯಲ್ಲಿ ಉಪಯೋಗಿಸುವ ಪರವಾನಗಿ ದೊರೆಯಿತು. ಆದರೆ ಯಾವ ಗಾಡಿಗೆಂದರೆ ಆ ಗಾಡಿಗಲ್ಲ. ಒಂದೊಂದು ಮಾದರಿಯ ದೀಪದಲ್ಲಿಯೂ ಪರೀಕ್ಷಿಸಿ, ತೇರ್ಗಡೆಯಾದ ಮಾದರಿಗಳ ಪಟ್ಟಿಯನ್ನು ಮಾಡಿ, ಆ ಪಟ್ಟಿಯಲ್ಲಿದ್ದರೆ ಮಾತ್ರ. ಬಲ್ಬೊಂದೇ ಒಳ್ಳೆಯದಾದರೆ ಸಾಲದು, ಬಲ್ಬಿಗೂ ಬೋಗುಣಿಗೂ ಜಾತಕ ಕೂಡಬೇಕು ಎಂದು ಅವರು ತೀರ್ಮಾನಿಸಿದ್ದಾರೆ.

ನಮ್ಮ ಕಾಯಿದೆಯೂ ಸಡಿಲವಾಗಿಲ್ಲ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೦೬ನೆಯದು ಇದನ್ನು ಅಳತೆ ಹಿಡಿದು ಹೇಳಿದೆ: ದೀಪದಿಂದ ೮ ಮೀಟರು ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಒಬ್ಬನ ಕಣ್ಣಿದ್ದರೆ, ಆ ಕಣ್ಣು ಕೋರೈಸಬಾರದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರೋಧವಾಗಿ ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡೊಂದಕ್ಕೆ ೫,೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ೨೦೨೪ರ ಜುಲೈಯಿಂದ ಕರ್ನಾಟಕದ ಪೋಲೀಸರು ಕಣ್ಣು ಕುಕ್ಕುವ ಎಲ್.ಇ.ಡಿ. ದೀಪಗಳ ಮೇಲೆ, ವಿಶೇಷವಾಗಿ ಲಾರಿ ಬಸ್ಸುಗಳ ಮೇಲೆ, ಕೇಸು ಹಾಕುವ ಕಾರ್ಯವನ್ನು ಕೈಕೊಂಡರು. ದಂಡದ ಭಯ ಹೆದ್ದಾರಿಯಲ್ಲಿ ನಾಲ್ಕು ದಿನ ಉಳಿಯುತ್ತದೆ; ಕಾಡಿನ ತಿರುವಿನಲ್ಲಿ ಕಾವಲಿರುವವರು ಯಾರು?

ಇದಿರಿನವನ ಪಾಡನ್ನೂ ಒಂದು ಗಳಿಗೆ ಎಣಿಸಿ ನೋಡೋಣ. ಗಂಟೆಗೆ ೬೦ ಕಿಲೊಮೀಟರಿನ ವೇಗವೆಂದರೆ ಸೆಕೆಂಡಿಗೆ ಸುಮಾರು ೧೭ ಮೀಟರು. ಕೋರೈಸಿದ ಕಣ್ಣು ಮತ್ತೆ ರಸ್ತೆಯನ್ನು ಗುರುತಿಸಲು ಮೂರು ಸೆಕೆಂಡು ಹಿಡಿಯಿತೆಂದರೆ ಗಾಡಿ ೫೦ ಮೀಟರು ಕುರುಡಾಗಿ ಓಡಿರುತ್ತದೆ. ವಯಸ್ಸು ಏರಿದಂತೆ ಕಣ್ಣಿನ ಮಸೂರ ಮಬ್ಬಾಗಿ ಬೆಳಕನ್ನು ಒಳಗೇ ಚದುರಿಸುವುದರಿಂದ, ಐವತ್ತು ದಾಟಿದವರಿಗೆ ಈ ಹೊತ್ತು ಇನ್ನೂ ಹೆಚ್ಚು. ಬೆಳಗಾವಿಯಿಂದ ಖಾನಾಪುರದವರೆಗೆ ಹೆದ್ದಾರಿ ನಾಲ್ಕು ಓಣಿಗಳಾಗಿ, ನಡುವೆ ವಿಭಜಕವಿರುವುದರಿಂದ ಅಷ್ಟು ದೂರ ಈ ಬಾಧೆ ಕಡಿಮೆ. ಗಣೆಬೈಲಿನ ಟೋಲು ದಾಟಿ ಮುಂದೆ ಕಾಡಿನ ರಸ್ತೆ ಕಿರಿದಾದ ಮೇಲೆಯೇ ಮುಖಾಮುಖಿ. ಅಲ್ಲಿ ಒಬ್ಬನ ದೀಪ ಕುಕ್ಕಿತೆಂದು ಇನ್ನೊಬ್ಬನು ಸಿಟ್ಟಿನಿಂದ ದೂರದ ಬೆಳಕನ್ನೇ ಹಾಕುತ್ತಾನೆ. ಇಬ್ಬರೂ ಕುರುಡರಾಗಿ ಒಂದು ಮೊಳದ ಅಂತರದಲ್ಲಿ ಹಾದುಹೋಗುತ್ತಾರೆ. ‘ರಾತ್ರಿ ಡಿಪ್ಪರ್ ಉಪಯೋಗಿಸಿ’ ಎಂದು ತನ್ನ ಬೆನ್ನ ಮೇಲೆ ಬರೆಸಿಕೊಂಡ ಲಾರಿಯೇ ಮುಂದಿನಿಂದ ಹೀಗೆ ಉರಿಯುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯದು.

ಹಾಗಾದರೆ ಕಾಣುವುದಿಲ್ಲವೆಂದು ದೂರುವ ಚಾಲಕ ಮಾಡಬೇಕಾದದ್ದೇನು? ನನ್ನ ಅಭಿಪ್ರಾಯದಲ್ಲಿ ಅವನು ಬಲ್ಬಿನ ಅಂಗಡಿಗೆ ಹೋಗುವ ಮುನ್ನ ವೈರಿಂಗಿನ ಮಿಸ್ತ್ರಿಯ ಹತ್ತಿರ ಹೋಗಬೇಕು. ಹತ್ತು ವರ್ಷದ ಲಾರಿಯ ತಂತಿಗಳಲ್ಲಿ, ತುಕ್ಕು ಹಿಡಿದ ಅರ್ಥಿಂಗಿನಲ್ಲಿ, ಸುಟ್ಟ ಸ್ವಿಚ್ಚಿನಲ್ಲಿ ವೋಲ್ಟು ಸೋರಿಹೋಗಿರುತ್ತದೆ. ಹಾಲೋಜನ್ ಬಲ್ಬಿನ ಸ್ವಭಾವವೆಂದರೆ ವೋಲ್ಟು ನೂರಕ್ಕೆ ಐದು ಇಳಿದರೆ ಬೆಳಕು ನೂರಕ್ಕೆ ಹದಿನಾರು ಇಳಿಯುತ್ತದೆ. ವೋಲ್ಟು ಹತ್ತು ಇಳಿದರೆ ಬೆಳಕು ಮೂವತ್ತು. ದೀಪಕ್ಕೆ ಪ್ರತ್ಯೇಕವಾಗಿ ರಿಲೇ ಹಾಕಿಸಿ, ದಪ್ಪ ತಂತಿಯನ್ನು ಎಳೆಸಿ, ಅರ್ಥಿಂಗನ್ನು ಉಜ್ಜಿಸಿದರೆ ಕಳೆದುಹೋದ ಮೂವತ್ತು ಪಾಲು ಮರಳಿ ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಎಲ್.ಇ.ಡಿ. ಹಾಕಿದೊಡನೆ ಬೆಳಕು ಎದ್ದು ಕಾಣುವುದಕ್ಕೆ ಕಾರಣವೂ ಇದೇ. ಹೊಸದು ಕಡಿಮೆ ಕರೆಂಟು ತಿನ್ನುವುದರಿಂದ ಕೆಟ್ಟ ತಂತಿಯ ದೋಷ ಮುಚ್ಚಿಹೋಗುತ್ತದೆ.

ಅನಂತರ ಬೋಗುಣಿಯನ್ನು ನೋಡಬೇಕು. ಅದರ ಬೆಳ್ಳಿಯಂಥ ಲೇಪ ಕಪ್ಪಾಗಿದ್ದರೆ ಯಾವ ಬಲ್ಬನ್ನು ಹಾಕಿಯೂ ಪ್ರಯೋಜನವಿಲ್ಲ. ಇಡೀ ದೀಪವನ್ನೇ ಬದಲಿಸಬೇಕು. ಮುಂದಿನ ಪ್ಲಾಸ್ಟಿಕ್ಕಿನ ಹೊದಿಕೆ ಹಳದಿಗಟ್ಟಿದ್ದರೆ ಪಾಲಿಷು ಮಾಡಿಸಬಹುದು. ತೇದ ವೈಪರು, ಗೀರು ಬಿದ್ದ ಗಾಜು ಇವೂ ಬೆಳಕನ್ನು ಚದುರಿಸಿ ಕಣ್ಣನ್ನು ಕೆಡಿಸುತ್ತವೆ. ಚಾಲಕನ ಕಣ್ಣಿನ ಪರೀಕ್ಷೆ ಆಗಿ ಎಷ್ಟು ವರ್ಷವಾಯಿತೆಂದು ಮಾಲಿಕರು ಕೇಳುವುದೂ ಅಗತ್ಯ. ಎಂಜಿನಿಗೆ ಎಣ್ಣೆ ಬದಲಿಸುವ ಲೆಕ್ಕವಿಟ್ಟವರು ಕನ್ನಡಕದ ಲೆಕ್ಕವಿಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, ಹಳೆಯ ಲಾರಿಗೆ ಒಳ್ಳೆಯ ಕಂಪನಿಯ ೭೫-೭೦ ವ್ಯಾಟಿನ ಹಾಲೋಜನ್ ಜೋಡಿಯೇ ಸಾಕೆಂಬುದು ನನ್ನ ಮತ. ಹೆಚ್ಚು ವ್ಯಾಟಿನವನ್ನು ಹಾಕಿಸುವ ಚಪಲ ಎಲ್.ಇ.ಡಿ.ಗಿಂತ ಹಳೆಯದು, ಅದರಿಂದ ಹೋಲ್ಡರು ಕರಗುತ್ತದೆ, ಬೋಗುಣಿಯ ಲೇಪ ಸುಲಿಯುತ್ತದೆ. ಎಲ್.ಇ.ಡಿ. ಬೇಕೇ ಬೇಕೆಂದರೆ, ಗಾಡಿಯ ತಯಾರಕರು ಆ ಮಾದರಿಗೆಂದೇ ಮಾಡಿದ ಇಡೀ ಎಲ್.ಇ.ಡಿ. ದೀಪ ದೊರೆಯುವುದೇ ಎಂದು ವಿಚಾರಿಸಬೇಕು. ಹಣ ಹೆಚ್ಚು ಬೀಳುತ್ತದೆ. ಹಾಲೋಜನ್ನಿನದು ನೂರರ ಲೆಕ್ಕವಾದರೆ ಇದು ಸಾವಿರಗಳ ಲೆಕ್ಕ. ಕರೆಂಟಿನ ಉಳಿತಾಯದಿಂದ ಆ ಹಣ ಮರಳುವುದೆಂಬ ಮಾತನ್ನು ನಂಬಬೇಕಾಗಿಲ್ಲ; ಘಟ್ಟವೇರುವ ಎಂಜಿನಿಗೆ ನೂರು ವ್ಯಾಟು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಯಾವುದನ್ನು ಹಾಕಿಸಿದರೂ ಗೋಡೆಯ ಪರೀಕ್ಷೆಯೊಂದನ್ನು ಬಿಡಬಾರದು. ಖರ್ಚೇನೂ ಇಲ್ಲ. ಸಮತಟ್ಟಾದ ನೆಲದಲ್ಲಿ, ಗೋಡೆಗೆ ೧೦ ಮೀಟರು ದೂರದಲ್ಲಿ ಲಾರಿಯನ್ನು ನಿಲ್ಲಿಸಿ ಡಿಪ್ಪರ್ ಹಾಕಬೇಕು. ದೀಪದ ನಡುವಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಒಂದು ಮೀಟರಿಗಿಂತ ಎತ್ತರದಲ್ಲಿ ದೀಪವಿರುವ ಗಾಡಿಯಾದರೆ ಬೆಳಕಿನ ಅಂಚು ಆ ಗೆರೆಗಿಂತ ೧೫ರಿಂದ ೨೦ ಸೆಂಟಿಮೀಟರು ಕೆಳಗಿರಬೇಕು. ಅಂಚೇ ಕಾಣದೆ ಗೋಡೆಯೆಲ್ಲ ಬೆಳ್ಳಗಾದರೆ ಆ ಬಲ್ಬನ್ನು ಅಂಗಡಿಗೆ ಮರಳಿಸಬೇಕು. ಪರೀಕ್ಷೆಯನ್ನು ಹೇರು ಹೇರಿದ ಮೇಲೆ ಮಾಡುವುದು ಮೇಲು; ಹಿಂಬದಿ ಕುಸಿದಾಗ ಮೋರೆ ಎತ್ತಿಕೊಂಡು, ಖಾಲಿ ಗಾಡಿಯಲ್ಲಿ ಸರಿಯಿದ್ದ ದೀಪ ತುಂಬಿದ ಗಾಡಿಯಲ್ಲಿ ಮರದ ತುದಿಯನ್ನು ನೋಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ.

ಮಳೆಗಾಲದಲ್ಲಿ ಘಟ್ಟಕ್ಕೆ ಇಳಿಯುವ ಮುಂಚೆ ಚಹದಂಗಡಿಯಲ್ಲಿ ನಿಂತಾಗ ಕ್ಲೀನರ್ ಹುಡುಗನು ಒದ್ದೆಯ ಬಟ್ಟೆಯಿಂದ ಎರಡೂ ಗಾಜುಗಳ ಕೆಸರನ್ನು ಒರಸುವ ರೂಢಿಯನ್ನು ಮಾಡಿಕೊಂಡರೆ, ಬಲ್ಬು ಬದಲಿಸಿದಷ್ಟೇ ಫಲ.

ಕಾರಿನಲ್ಲಿ ಹೋಗುವ ನಮ್ಮ ಪಾಲಿನದು ಸ್ವಲ್ಪವೇ. ಇದಿರಿನ ದೀಪ ಕುಕ್ಕಿದಾಗ ಅದನ್ನು ದಿಟ್ಟಿಸದೆ ರಸ್ತೆಯ ಎಡಬದಿಯ ಬಿಳಿಯ ಗೆರೆಯನ್ನು ಹಿಡಿದು ವೇಗ ತಗ್ಗಿಸಬೇಕು. ನಮ್ಮ ಗಾಡಿಯ ಗಾಜನ್ನು ಒಳಮೈಯಲ್ಲಿಯೂ ಒರಸಿಟ್ಟಿರಬೇಕು. ಒಳಗಿನ ಜಿಡ್ಡಿನ ಪೊರೆ ಹೊರಗಿನ ಧೂಳಿಗಿಂತ ಹೆಚ್ಚು ಮಿನುಗುತ್ತದೆ. ಹಿಂದಿನಿಂದ ಲಾರಿ ಬೆನ್ನಟ್ಟಿ ಬಂದಾಗ, ಒಳಗನ್ನಡಿಯ ಕೆಳಗೊಂದು ಸಣ್ಣ ಕೀಲಿ ಇರುತ್ತದೆ. ಅದನ್ನು ಬೆರಳಿನಿಂದ ನೂಕಿದರೆ ಕನ್ನಡಿ ಓರೆಯಾಗಿ ಬೆಳಕು ಮಂದವಾಗುತ್ತದೆ. ಹತ್ತು ವರ್ಷ ಕಾರು ನಡೆಸಿದವರಲ್ಲಿಯೂ ಆ ಕೀಲಿ ಏತಕ್ಕೆಂದು ಅರಿಯದವರು ಬಹಳ ಮಂದಿ.